‘ಸಾಧನೆ’ ಖಾನೆಯಲ್ಲಿ ನಾನು ಎಳೆದ ಗೆರೆ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾನು ಬಿ.ಇಡಿ. ಓದಿದ ಕಾಲೇಜಿನ ಸುದ್ದಿ ಬಂದಿತ್ತು. ‘ಬೋಧಕರು, ವಿದ್ಯಾರ್ಥಿಗಳು, ಹಳೆಯ ವಿದ್ಯಾರ್ಥಿಗಳ ಸಾಧನೆ’ ಅಂತ ತಲೆಬರಹ, ಹೆಚ್ಚೂಕಮ್ಮಿ ಅರ್ಧ ಪುಟ, ಮೂರು ಫೋಟೊ. ಮೂರರಲ್ಲೂ ಶಾಲು, ಹಾರ, ಹಣ್ಣಿನ ಬುಟ್ಟಿ. ಮೊದಲು ಖುಷಿಯೇ ಆಯ್ತು. ಓದಿದ ಕಾಲೇಜಿನ ಹೆಸರು ಪೇಪರಿನಲ್ಲಿ ಕಂಡರೆ ಯಾರಿಗೆ ಆಗುವುದಿಲ್ಲ ಹೇಳಿ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ ಕೂಡ. ಆಮೇಲೆ ಮಧ್ಯಾಹ್ನ ಡಬ್ಬಿ ಬಿಚ್ಚಿಕೊಂಡು ಕೂತು ಪೂರ್ತಿ ಓದಿದೆ. ಓದಿ ಮುಗಿಸಿದ ಮೇಲೆ ಯಾಕೋ ಮನಸ್ಸಿಗೆ ಸರಿ ಬರಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು. ಕತ್ತರಿಸುವುದಿದ್ದರೆ ನಡುವೆ ಎಲ್ಲಾದರೂ ಕತ್ತರಿಸಿ, ಕೊನೆಯದನ್ನು ಮಾತ್ರ ಬಿಡಬೇಡಿ, ಅಲ್ಲಿ ಒಂದು ಕೆಲಸದ ಮಾತಿದೆ.

ಕಾಲೇಜಿನ ಹೆಸರು ಬರೆಯುವುದಿಲ್ಲ. ಬರೆದರೆ ಅದೊಂದೇ ಕಾಲೇಜಿನ ಮೇಲೆ ದೂರು ಅನಿಸುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಮೂರೂ ಕಡೆಯ ಇಂಥ ಪಟ್ಟಿಗಳನ್ನು ನಾನು ಓದಿದ್ದೇನೆ, ಎಲ್ಲವೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗಿರುತ್ತವೆ.

ಪಟ್ಟಿಯಲ್ಲಿ ಏನಿತ್ತು ಅಂದರೆ, ಇಬ್ಬರು ಬೋಧಕರಿಗೆ ಪಿಎಚ್.ಡಿ. ಬಂದಿದೆ. ಒಬ್ಬರ ಪ್ರಬಂಧ ಪ್ರಕಟವಾಗಿದೆ. ಇನ್ನೊಬ್ಬರು ಸಂಪನ್ಮೂಲ ವ್ಯಕ್ತಿಯಾಗಿ ಎಲ್ಲಿಗೋ ಹೋಗಿಬಂದಿದ್ದಾರೆ. ವಿದ್ಯಾರ್ಥಿಗಳದು ಚಿನ್ನದ ಪದಕ, ಖೋಖೋ, ಚರ್ಚಾ ಸ್ಪರ್ಧೆ. ಕೊನೆಗೆ ಹಳೆಯ ವಿದ್ಯಾರ್ಥಿಗಳು: ಒಬ್ಬರು ಕೆಎಎಸ್ ಅಧಿಕಾರಿ, ಒಬ್ಬರು ಪಿಎಸ್‌ಐ, ಒಬ್ಬರು ಬ್ಯಾಂಕ್ ಮ್ಯಾನೇಜರ್, ಒಬ್ಬರು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ. ‘ಇನ್ನೂ ಅನೇಕರು ಉನ್ನತ ಹುದ್ದೆಗಳಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ’ ಅಂತ ಮುಗಿಸಿದ್ದರು.

ನಾನು ಎರಡು ಸಲ ಓದಿದೆ. ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬ ಶಿಕ್ಷಕನೂ ಇಲ್ಲ, ಒಬ್ಬ ಶಿಕ್ಷಕಿಯೂ ಇಲ್ಲ. ಬಿ.ಇಡಿ. ಕಾಲೇಜು ರೀ ಇದು! ಒಕ್ಕಲುತನ ಕಲಿಸುವ ಕಾಲೇಜಿನವರು ‘ನಮ್ಮ ಹುಡುಗರು ಹೊಲ ಮಾರಿ ಪುಣೆ ಸೇರಿದರು’ ಅಂತ ಹೆಮ್ಮೆಪಟ್ಟ ಹಾಗಾಯ್ತು. ಕೆಎಎಸ್ ಆದವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿಲ್ಲ (ಸ್ವಲ್ಪ ಇದ್ದರೂ ಇರಬಹುದು, ನಾನೂ ಒಮ್ಮೆ ಬರೆದು ಪ್ರಿಲಿಮ್ಸ್‌ನಲ್ಲೇ ಕೂತವಳು). ಓದಿ ಮೇಲೆ ಬಂದವರು, ಚೆನ್ನಾಗಿರಲಿ. ಆದರೆ ಅವರು ಬಿ.ಇಡಿ. ಕಲಿತದ್ದಕ್ಕೆ ಕೆಎಎಸ್ ಆದವರಲ್ಲ, ಅದನ್ನು ಬಿಟ್ಟು ಹೋಗಿ ಆದವರು. ಅದು ಅವರ ಸಾಧನೆ, ಕಾಲೇಜಿನದು ಹೇಗಾಗುತ್ತದೆ?

ಇದು ಹೇಗಾಯ್ತು ಅನ್ನುವುದೂ ನನಗೆ ಗೊತ್ತು, ಯಾಕಂದ್ರೆ ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. ಕೆಲವು ತಿಂಗಳ ಹಿಂದೆ ಕಾಲೇಜಿನಿಂದ ಫೋನ್ ಬಂತು. ನಾನು ಅಲ್ಲಿಂದ ಹೊರಬಿದ್ದ ಮೇಲೆ ಬಂದ ಮೊದಲ ಫೋನು. ಯಾರೋ ಹುಡುಗ, ಪಾಪ, ಅವಸರದಲ್ಲಿದ್ದ. “ಮೇಡಂ, ನ್ಯಾಕ್ ಕಮಿಟಿ ಬರೂದೈತ್ರಿ, ಒಂದ್ ಫಾರ್ಮ್ ಕಳ್ಸೀನ್ರಿ, ಇವತ್ತ ಸಂಜಿ ಒಳಗ ತುಂಬಿಬಿಡ್ರಿ” ಅಂದ. ನ್ಯಾಕ್‌ನವರು ಏಳು ಮಾನದಂಡ ಇಟ್ಟುಕೊಂಡು ಕಾಲೇಜುಗಳನ್ನು ಅಳೆಯುತ್ತಾರೆ, ಅದರಲ್ಲಿ ಐದನೆಯದರ ಒಳಗೆ ಹಳೆಯ ವಿದ್ಯಾರ್ಥಿಗಳ ವಿಷಯ ಬರುತ್ತದೆ. ಹಾಗಾಗಿ ನಾವು ನೆನಪಾಗಿದ್ದೆವು. ಫಾರ್ಮ್ ತೆರೆದೆ. ಹೆಸರು, ಓದಿದ ವರ್ಷ, ಈಗಿನ ಹುದ್ದೆ, ಮೊಬೈಲ್ ನಂಬರ್. ಕೊನೆಯ ಖಾನೆ ‘ಸಾಧನೆ’. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಪ್ರಶಸ್ತಿ, ರ‍್ಯಾಂಕ್, ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಆಯ್ಕೆ’ ಅಂತ. ಪಕ್ಕದಲ್ಲಿ ಕೆಂಪು ಚುಕ್ಕಿ, ಅಂದರೆ ತುಂಬಲೇಬೇಕು. ನನಗೆ ಪ್ರಶಸ್ತಿ ಬಂದಿಲ್ಲ. ರ‍್ಯಾಂಕ್ ಇಲ್ಲ. ಒಂದು ಅಡ್ಡಗೆರೆ ಹಾಕಿ ಕಳಿಸಿಬಿಟ್ಟೆ.

ಪೇಪರಿನ ಸುದ್ದಿ ಓದಿದ ದಿನ ಆ ಗೆರೆ ನೆನಪಾಯ್ತು. ತಿದ್ದೋಣ ಅಂತ ಹಳೆಯ ಲಿಂಕ್ ಒತ್ತಿದರೆ ಫಾರ್ಮ್ ಮುಚ್ಚಿದೆ. ನನ್ನ ಹಾಗೆ ಇನ್ನೆಷ್ಟು ಜನ ಮೇಷ್ಟ್ರುಗಳು ಅಲ್ಲಿ ಗೆರೆ ಎಳೆದಿರಬೇಕು ಅಂತ ಯೋಚಿಸಿದೆ. ಕಾಲೇಜಿನವರಿಗೆ ಸಿಕ್ಕಿದ್ದು ಬರೀ ಗೆರೆಗಳು, ಮತ್ತು ಒಬ್ಬ ಕೆಎಎಸ್. ಅವರು ತಾನೆ ಏನು ಮಾಡಿಯಾರು, ಅಲ್ವಾ?

ಆ ಖಾನೆಯಲ್ಲಿ ಬರೆಯಬಹುದಾಗಿದ್ದನ್ನು ಈಗ ಬರೆಯುತ್ತೇನೆ. ನನ್ನದಷ್ಟೇ ಅಲ್ಲ, ಮೂರೂ ಬಗೆಯವರದು: ಬೋಧಕರದು, ವಿದ್ಯಾರ್ಥಿಗಳದು, ನಮ್ಮದು.

ನಾನು ಓದಿದ್ದು 2008-09ರಲ್ಲಿ. ಆಗ ಬಿ.ಇಡಿ. ಒಂದೇ ವರ್ಷ. ನಮ್ಮ ಪ್ರಮಾಣಪತ್ರದ ಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮುದ್ರೆ. 2010ರಲ್ಲಿ ಬೆಳಗಾವಿಗೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು, ನಮ್ಮ ತಮ್ಮಂದಿರ ಕಾಲಕ್ಕೆ ಮುದ್ರೆ ಬದಲಾಯ್ತು. ಬಾಗಲಕೋಟೆಯವರಿಗೆ ಈಗ ಜಮಖಂಡಿಯಲ್ಲೇ ವಿಶ್ವವಿದ್ಯಾಲಯ. ಹೀಗೆ ಮುದ್ರೆ ಬದಲಾದಾಗಲೆಲ್ಲ ಹಳಬರ ಲೆಕ್ಕ ಯಾರ ಕಪಾಟಿನಲ್ಲಿ ಉಳಿಯಿತೋ ದೇವರೇ ಬಲ್ಲ. ಇರಲಿ.

ನಮಗೆ ಗಣಿತ ಬೋಧನಾ ವಿಧಾನ ಕಲಿಸಿದ ಸರ್ ಒಬ್ಬರಿದ್ದರು. ಪಿಎಚ್.ಡಿ. ಇರಲಿಲ್ಲ, ಅತಿಥಿ ಉಪನ್ಯಾಸಕರು, ನಾನು ಓದುವಾಗ ನಮ್ಮ ಕಾಲೇಜಿನಲ್ಲಿ ಅರ್ಧದಷ್ಟು ಜನ ಹಾಗೆಯೇ ಇದ್ದರು. ಮೈಕ್ರೋ ಟೀಚಿಂಗ್ ದಿನಗಳಲ್ಲಿ ಅವರ ಕೈಯಲ್ಲಿ ಒಂದು ಗಡಿಯಾರ. ಬಿ.ಇಡಿ. ಮಾಡದವರಿಗೆ ಹೇಳುತ್ತೇನೆ, ಮೈಕ್ರೋ ಟೀಚಿಂಗ್ ಅಂದರೆ ಪುಟ್ಟ ಪುಟ್ಟ ಪಾಠ ಮಾಡಿ ಕಲಿಯುವ ಅಭ್ಯಾಸ, 1963ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಶುರುವಾದದ್ದು, ನಮ್ಮಲ್ಲಿ ಒಂದು ಸುತ್ತಿಗೆ 36 ನಿಮಿಷ. ಆರು ನಿಮಿಷ ಪಾಠ, ಆರು ನಿಮಿಷ ಬೈಸಿಕೊಳ್ಳುವುದು, ಹನ್ನೆರಡು ನಿಮಿಷ ಮತ್ತೆ ತಯಾರಿ, ಆರು ನಿಮಿಷ ಮತ್ತೆ ಪಾಠ, ಆರು ನಿಮಿಷ ಮತ್ತೆ ಬೈಸಿಕೊಳ್ಳುವುದು. ಪುಸ್ತಕದಲ್ಲಿ ಅದಕ್ಕೆ ಹಿಮ್ಮಾಹಿತಿ ಅಂತಾರೆ. ಎದುರಿಗೆ ಮಕ್ಕಳಾಗಿ ಕೂರುವವರು ನಮ್ಮ ಕ್ಲಾಸಿನವರೇ. ಸೀರೆ ಉಟ್ಟುಕೊಂಡು, ಎರಡು ಮಕ್ಕಳ ತಾಯಂದಿರು, ಏಳನೇ ಕ್ಲಾಸಿನ ಹುಡುಗಿಯ ಹಾಗೆ ಕೈ ಎತ್ತಿ “ನನಗ ತಿಳೀಲಿಲ್ರಿ ಟೀಚರ್” ಅನ್ನಬೇಕು. ನಕ್ಕೂ ನಕ್ಕೂ ಸಾಕಾಗುತ್ತಿತ್ತು. ಸರ್ ನಗುತ್ತಿರಲಿಲ್ಲ.

ಆಮೇಲೆ ನಿಜವಾದ ಶಾಲೆಯಲ್ಲಿ ಅಭ್ಯಾಸ ಪಾಠ. ಸರ್ ಕೊನೆಯ ಬೆಂಚಿನಲ್ಲಿ ಕೂತು ನಮ್ಮ ಲೆಸನ್ ಪ್ಲಾನಿನ ಹಿಂದುಗಡೆ ಬರೆಯುತ್ತಿದ್ದರು. ನನ್ನ ನಾಲ್ಕನೇ ಪಾಠ, ತ್ರಿಭುಜಗಳು. ಚಾರ್ಟ್ ಬಹಳ ಚೆಂದ ಮಾಡಿಕೊಂಡು ಹೋಗಿದ್ದೆ, ಮೂರು ಬಣ್ಣದ ಸ್ಕೆಚ್ ಪೆನ್ನು. ಹೊಗಳುತ್ತಾರೆ ಅಂತ ಕಾಯುತ್ತಿದ್ದೆ. ಬರೆದಿದ್ದು ಇಷ್ಟು: ‘ಕೇಳಿದ ಪ್ರಶ್ನೆ 11. ಅದರಲ್ಲಿ 9 ಮುಂದಿನ ಎರಡು ಬೆಂಚಿಗೆ. ಕಿಟಕಿ ಪಕ್ಕದ ಹುಡುಗನ ಹೆಸರೇನು?’ ನನಗೆ ಗೊತ್ತಿರಲಿಲ್ಲ. ಮರುದಿನ ಬೇಗ ಹೋಗಿ ಹೆಸರು ಕೇಳಿಕೊಂಡೆ, ಮೊದಲ ಪ್ರಶ್ನೆ ಅವನಿಗೇ ಕೇಳಿದೆ. ಅವನಿಗೆ ಉತ್ತರ ಬರಲಿಲ್ಲ. ಎರಡನೆಯದೂ ಅವನಿಗೇ ಕೇಳಿದೆ, ಅದೂ ಬರಲಿಲ್ಲ. ಸಿನಿಮಾದ ಹಾಗೆ ಏನೂ ನಡೆಯಲಿಲ್ಲ. ಆದರೆ ಆ ದಿನ ಸರ್ ಬರೆದಿದ್ದು ಒಂದೇ ಮಾತು, ‘ಸರಿ’.

ಇವತ್ತಿಗೂ ಹೊಸ ಕ್ಲಾಸಿಗೆ ಹೋದರೆ ನನ್ನ ಕಣ್ಣು ಮೊದಲು ಕಿಟಕಿ ಪಕ್ಕಕ್ಕೆ ಹೋಗುತ್ತದೆ. ನನ್ನ ಜೊತೆ ಓದಿದ ಇನ್ನೂ ನಾಲ್ಕಾರು ಜನರಿಗೂ ಹೀಗೇ ಆಗುತ್ತದಂತೆ, ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಮ್ಮೆ ಮಾತು ಬಂದಿತ್ತು. ಒಬ್ಬ ಬೋಧಕ ಮಾಡಿದ ಒಂದು ಕೆಲಸ ಇಷ್ಟು ವರ್ಷ ಆದರೂ ಐದಾರು ಊರಿನ ಶಾಲೆಗಳಲ್ಲಿ ದಿನಾ ನಡೆಯುತ್ತಿದೆ. ಇದನ್ನು ಯಾವ ಖಾನೆಯಲ್ಲಿ ತುಂಬಬೇಕು? ಸರ್ ಆಮೇಲೆ ಕಾಲೇಜು ಬಿಟ್ಟರು, ಗೌರವಧನ ಸಾಲುತ್ತಿರಲಿಲ್ಲ. ಅವರ ಫೋಟೊ ಯಾವತ್ತೂ ಪೇಪರಿನಲ್ಲಿ ಬಂದಿಲ್ಲ.

ಪಿಎಚ್.ಡಿ. ಮಾಡಿದವರನ್ನು ನಾನು ಹೀಯಾಳಿಸುತ್ತಿಲ್ಲ. ಪಿಎಚ್.ಡಿ. ಸುಮ್ನೆ ಬರುವುದಿಲ್ಲ, ಮನೆ, ಮಕ್ಕಳು, ಕ್ಲಾಸು ಎಲ್ಲ ಇಟ್ಟುಕೊಂಡು ಐದಾರು ವರ್ಷ ಒದ್ದಾಡಬೇಕು. ನನ್ನ ತಕರಾರು ಬೇರೆ. ಸುದ್ದಿಯಲ್ಲಿ ಮಾರ್ಗದರ್ಶಕರ ಹೆಸರಿದೆ, ಸತ್ಕಾರ ಮಾಡಿದವರ ಹೆಸರಿದೆ, ಹಾಜರಿದ್ದವರ ಹೆಸರು ಒಂದು ಪ್ಯಾರಾ ತುಂಬ ಇದೆ. ಅವರು ಏನು ಕಂಡುಕೊಂಡರು ಅನ್ನುವುದು ಒಂದು ಸಾಲೂ ಇಲ್ಲ. ಮಕ್ಕಳ ಕಲಿಕೆಯ ಬಗ್ಗೆ ಐದು ವರ್ಷ ಕೆಲಸ ಮಾಡಿದ್ದಾರೆ, ನಾನು ದಿನಾ ಅದೇ ಮಕ್ಕಳ ಎದುರು ನಿಲ್ಲುವವಳು, ನನಗೆ ಉಪಯೋಗಕ್ಕೆ ಬರುವಂಥದ್ದು ಅದರಲ್ಲಿ ಏನೋ ಇದ್ದೇ ಇರುತ್ತದೆ. ಅದು ನನಗೆ ತಲುಪುವುದಿಲ್ಲ. ಶಾಲಿನ ಬಣ್ಣ ತಲುಪುತ್ತದೆ.

ಇನ್ನು ಈಗಿನ ವಿದ್ಯಾರ್ಥಿಗಳು. ಪದಕ ಬಂದಿದ್ದು ಒಳ್ಳೆಯದು, ಖೋಖೋ ಹುಡುಗಿಯರಿಗೂ ಅಭಿನಂದನೆ. ಆದರೆ ನಾನು ಕಣ್ಣಾರೆ ಕಂಡ ಒಂದು ಪಾಠದ ಬಗ್ಗೆ ಹೇಳಲೇಬೇಕು.

2015ರಿಂದ ಬಿ.ಇಡಿ. ಎರಡು ವರ್ಷ ಆಗಿದೆಯಲ್ಲ, ಎರಡನೇ ವರ್ಷ 16 ವಾರ ಶಾಲೆಯಲ್ಲೇ ಇಂಟರ್ನ್‌ಶಿಪ್. ನಮಗಿದ್ದ ಅಭ್ಯಾಸ ಪಾಠಕ್ಕಿಂತ ಎಷ್ಟೋ ಜಾಸ್ತಿ. ಶುರುವಿನಲ್ಲಿ ನಮಗೆಲ್ಲ ಕಿರಿಕಿರಿಯೇ, ಇರುವ ಪಾಠ ಮುಗಿಯುವುದಿಲ್ಲ, ಇವರನ್ನು ಎಲ್ಲಿ ಕೂರಿಸುವುದು ಅಂತ. ಕೆಲವರು ಸಹಿ ಹಾಕಿಸಿಕೊಳ್ಳಲು ಮಾತ್ರ ಬರುತ್ತಾರೆ, ಅದೂ ನಿಜ, ಮುಚ್ಚಿಡುವುದೇನಿದೆ. ಒಂದು ವರ್ಷ ನನ್ನ ಕಾಲೇಜಿನಿಂದಲೇ ಎಂಟು ಜನ ಬಂದರು. ಅದರಲ್ಲಿ ಒಬ್ಬ ಹುಡುಗಿ ತಾಂಡಾದವಳು. ನಮ್ಮ ಒಂಬತ್ತನೇ ಕ್ಲಾಸಿನಲ್ಲೂ ತಾಂಡಾದ ಮಕ್ಕಳಿದ್ದಾರೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ, ದಸರಾ ಮುಗಿಯುತ್ತಿದ್ದ ಹಾಗೆ ಗಾಡಿ ಬರುತ್ತದೆ, ಕಬ್ಬು ಕಡಿಯಲು ಗ್ಯಾಂಗ್‌ಗಳು ಮಹಾರಾಷ್ಟ್ರಕ್ಕೋ ಬೆಳಗಾವಿ, ಬಾಗಲಕೋಟೆ ಕಡೆಯ ಫ್ಯಾಕ್ಟರಿಗಳಿಗೋ ಹೊರಡುತ್ತವೆ, ಯುಗಾದಿ ಹೊತ್ತಿಗೆ ವಾಪಸ್. ನಡುವೆ ಮಕ್ಕಳ ಹಾಜರಾತಿ ಪುಸ್ತಕದಲ್ಲಿ ಬರೀ ಗೈರು. ಬಂದ ಮೇಲೆ ಅವರಿಗೆ ಬೀಜಗಣಿತ ಅಂದರೆ ಕಾಡು.

ಆ ಹುಡುಗಿಗೆ ನಾನು ಕೊಟ್ಟಿದ್ದು ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣ. ಪಾಠ ಯೋಜನೆ ತೋರಿಸು ಅಂದೆ. ಪುಸ್ತಕದಲ್ಲಿರುವ ಪೆನ್ನು, ನೋಟ್‌ಬುಕ್ಕಿನ ಲೆಕ್ಕವನ್ನೆಲ್ಲ ಬಿಟ್ಟು ಮುಕಾದಮನ (ಕಬ್ಬಿನ ಗ್ಯಾಂಗ್ ಕರೆದೊಯ್ಯುವ ಮೇಸ್ತ್ರಿ) ಮುಂಗಡದ ಲೆಕ್ಕ ಬರೆದುಕೊಂಡಿದ್ದಳು. ಮುಂಗಡ 60 ಸಾವಿರ ರೂಪಾಯಿ ತಗೊಂಡಿದ್ದೀರಿ, ಟನ್ನಿಗೆ 400 ರೂಪಾಯಿ ಮುರಿಯುತ್ತಾರೆ ಅಂತ ಇಟ್ಟುಕೊಳ್ಳಿ, ಕಡಿದ ಟನ್ನು ಎಕ್ಸ್, ಉಳಿದ ಸಾಲ ವೈ, ಗ್ರಾಫ್ ಹಾಕಿ. ನನಗೆ ಸ್ವಲ್ಪ ಹಿಂಜರಿಕೆ ಆಯ್ತು. ಮಕ್ಕಳ ಮನೆಯ ಸಾಲವನ್ನು ಹಲಗೆ ಮೇಲೆ ಬರೆಯುವುದು ಸರಿಯಾ? ಅವಳು “ನಮ್ಮ ಮನೀದ ಲೆಕ್ಕಾನ ಬರೀತೀನ್ರಿ ಮೇಡಂ, ಅವರದಂತ ಅನ್ನೂದಿಲ್ಲ” ಅಂದಳು. ಸರಿ ಅಂದೆ. ನಾನು ಕೊನೆಯ ಬೆಂಚಿನಲ್ಲಿ ಕೂತೆ. ನಮ್ಮ ಸರ್ ಕೂರುತ್ತಿದ್ದ ಹಾಗೆ.

ಕನ್ನಡದಲ್ಲಿ ಶುರು ಮಾಡಿದಳು, ನಡುನಡುವೆ ಲಂಬಾಣಿಯಲ್ಲಿ ಎರಡು ಮಾತು. ಅಷ್ಟಕ್ಕೇ ಕಿಟಕಿ ಪಕ್ಕದ ಸಾಲು ಎದ್ದು ಕೂತಿತು. ಬಿಂದು ಇಡುತ್ತಾ ಹೋದರು, ಗೆರೆ ಎಳೆದರು, ಗೆರೆ ಇಳಿದು ಇಳಿದು 150ರ ಹತ್ತಿರ ಅಡ್ಡ ಅಕ್ಷವನ್ನು ಮುಟ್ಟಿತು. ಒಬ್ಬ ಹುಡುಗ, ಇಡೀ ವರ್ಷ ನನ್ನ ಕ್ಲಾಸಿನಲ್ಲಿ ಬಾಯಿ ಬಿಟ್ಟವನಲ್ಲ, “ಹಂಗಾರ ಗೆರಿ ತಳಕ್ಕ ಬಂದ ದಿನ ಊರಿಗೆ ಬರೂದನ್ರಿ?” ಅಂದ. ಎಲ್ಲರೂ ನಕ್ಕರು. ಅಷ್ಟರಲ್ಲಿ ಅವನ ಹಿಂದಿನ ಹುಡುಗಿ, “ಟೀಚರ್, ವಾರದ ಖರ್ಚಿಗೆ ಮುಕಾದಮ ಮತ್ತ ರೊಕ್ಕ ಕೊಡ್ತಾನಲ್ರಿ, ಅದನ್ನ ಎಲ್ಲಿ ಕೂಡಿಸೂದು? ಅದನ್ನ ಕೂಡಿಸಿದ್ರ ಗೆರಿ ತಳಕ್ಕ ಬರೂದ ಇಲ್ಲ” ಅಂದಳು.

ಕ್ಲಾಸು ಸುಮ್ಮನಾಯಿತು. ಇಂಟರ್ನ್ ಹುಡುಗಿಗೂ ಏನು ಹೇಳಬೇಕು ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತು ನಿಂತು, “ನೀನ ಬಂದು ಬರಿ” ಅಂತ ಸೀಮೆಸುಣ್ಣ ಅವಳ ಕೈಗೆ ಕೊಟ್ಟಳು. ಆ ಹುಡುಗಿ ಬಂದು ಗೆರೆಯನ್ನು ಮೆಟ್ಟಿಲಿನ ಹಾಗೆ ಮಾಡಿದಳು, ಇಳಿಯುತ್ತದೆ, ವಾರಕ್ಕೊಮ್ಮೆ ಏರುತ್ತದೆ, ಮತ್ತೆ ಇಳಿಯುತ್ತದೆ. ನಾನು ಇಷ್ಟು ವರ್ಷದಿಂದ ಗಣಿತ ಹೇಳುತ್ತಿದ್ದೇನೆ, ಅಂಥ ಗ್ರಾಫನ್ನು ಒಂಬತ್ತನೇ ಕ್ಲಾಸಿನ ಮಗು ಸ್ವಂತ ಬುದ್ಧಿಯಿಂದ ಹಾಕಿದ್ದನ್ನು ಆವತ್ತೇ ನೋಡಿದ್ದು.

ಪಾಠ ಮುಗಿದ ಮೇಲೆ ವೀಕ್ಷಣಾ ಪುಸ್ತಕದಲ್ಲಿ ನಾನು ‘ಉತ್ತಮ’ ಅಂತ ಬರೆದು ಸಹಿ ಹಾಕಿದೆ. ಖಾನೆ ಅಷ್ಟೇ ಅಗಲ ಇತ್ತು. ಕಾಲೇಜಿನ ಪಟ್ಟಿಯಲ್ಲಿ ಆ ಹುಡುಗಿಯ ಹೆಸರು ಹುಡುಕಿದೆ, ಇರಲಿಲ್ಲ. ಇರಲು ಸಾಧ್ಯವೂ ಇಲ್ಲ, ಅವಳ ಗೈಡ್ ಮೇಡಂ ಆ ದಿನ ಬಂದಿರಲಿಲ್ಲ, ನಾನೂ ಯಾರಿಗೂ ಹೇಳಲಿಲ್ಲ. ಅದು ನನ್ನ ತಪ್ಪು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಹಳೆಯ ವಿದ್ಯಾರ್ಥಿಗಳಿಗೆ ಬರುತ್ತೇನೆ. ನಮ್ಮ ಬ್ಯಾಚಿನ ಗೆಳತಿಯೊಬ್ಬಳು ಖಾನಾಪುರದ ಕಡೆ ಮರಾಠಿ ಮನೆಮಾತಿನ ಮಕ್ಕಳಿಗೆ ಕನ್ನಡ ಕಲಿಸುತ್ತಾಳೆ. ಅವಳು ಬಸವನ ಬಾಗೇವಾಡಿಯವಳು, ಹೋದಾಗ ಒಂದಕ್ಷರ ಮರಾಠಿ ಬರುತ್ತಿರಲಿಲ್ಲ. ಮಕ್ಕಳಿಂದ ಮರಾಠಿ ಕಲಿತಳು, ಅವರಿಗೆ ಕನ್ನಡ ಕಲಿಸಿದಳು, ಈಗ ತಾಯಂದಿರು ಫೋನ್ ಮಾಡಿ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಮಾತಾಡುತ್ತಾರಂತೆ. ಗಡಿ ಗಲಾಟೆ ಅಂತ ಟಿ.ವಿ.ಯಲ್ಲಿ ಬಂದ ದಿನ ನಾವು ಗಾಬರಿಯಿಂದ ಫೋನ್ ಮಾಡಿದರೆ ಅವಳು “ಇಲ್ಲಿ ಏನೂ ಇಲ್ಲವಾ, ಹುಡುಗ್ರು ಕಾಗುಣಿತ ಬರೀತಾ ಕುಂತಾವ” ಅಂದಳು. ಇನ್ನೊಬ್ಬ ಬೀಳಗಿ ತಾಲ್ಲೂಕಿನ ಪುನರ್ವಸತಿ ಕೇಂದ್ರದ ಶಾಲೆಯಲ್ಲಿದ್ದಾನೆ. ಆಲಮಟ್ಟಿ ಹಿನ್ನೀರಿಗೆ ಊರು ಹೋಗಿ ಹೊಸ ಊರಿಗೆ ಬಂದವರ ಮಕ್ಕಳು. ಅಜ್ಜ ಅಜ್ಜಿಯರನ್ನು ಕೇಳಿ ಮುಳುಗಿದ ಊರಿನ ನಕ್ಷೆ ಬರೆಸಿದ್ದಾನೆ, ಗುಡಿ, ಗರಡಿ, ಬಾವಿ, ಯಾರ ಮನೆ ಎಲ್ಲಿತ್ತು ಅನ್ನುವುದೆಲ್ಲ ಅದರಲ್ಲಿದೆ. ಸಮಾಜ ವಿಜ್ಞಾನದ ಮೇಷ್ಟ್ರು ಅವನು. ಇನ್ನೂ ಒಬ್ಬಳಿದ್ದಾಳೆ, ಕೆಲಸ ಸಿಗಲೇ ಇಲ್ಲ, ವಯಸ್ಸು ಮೀರಿತು, ಗಂಡನ ಕಿರಾಣಿ ಅಂಗಡಿಯಲ್ಲಿ ಕೂರುತ್ತಾಳೆ. ಸಂಜೆ ಅಂಗಡಿ ಕಟ್ಟೆ ಮೇಲೆ ಓಣಿಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಾಳೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಅವಳೂ ಫಾರ್ಮ್ ತುಂಬಿದ್ದಳಂತೆ. ‘ಈಗಿನ ಹುದ್ದೆ’ ಅನ್ನುವಲ್ಲಿ ಗೃಹಿಣಿ ಅಂತ ಬರೆದಳಂತೆ.

ನನ್ನದೂ ಒಂದು ಇದೆ. 2024ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಮೊದಲ ಸಲ ವೆಬ್‌ಕಾಸ್ಟಿಂಗ್ ಬಂತು, ಕೋಣೆ ಕೋಣೆಗೂ ಕ್ಯಾಮೆರಾ. ಹಿಂದಿನ ವರ್ಷ 83.89 ಇದ್ದ ರಾಜ್ಯದ ಫಲಿತಾಂಶ ಆ ವರ್ಷ ಕೃಪಾಂಕ ಸೇರಿಸಿಯೂ 73.40ಕ್ಕೆ ಇಳಿಯಿತು. ಯಾಕೆ ಇಳಿಯಿತು ಅಂತ ಎಲ್ಲರಿಗೂ ಗೊತ್ತು, ಬಿಡಿ. ಆ ಪರೀಕ್ಷೆಗೆ ಮೊದಲು ಮೂರು ತಿಂಗಳು ನಾನು ಒಂದೇ ಹಟ ಹಿಡಿದಿದ್ದೆ. ಗಣಿತದಲ್ಲಿ ನನ್ನ ಮಕ್ಕಳು 80ಕ್ಕೆ 28 ತೆಗೆಯಲಿ, ಆದರೆ ತಾವೇ ಬರೆದು ತೆಗೆಯಲಿ. ಒಬ್ಬ ಹುಡುಗಿ 31 ತೆಗೆದಳು. ಅವಳಮ್ಮ ಶಾಲೆಗೆ ಬಂದು, “ಅಕ್ಕೋರ, ನಮ್ಮ ಹುಡುಗಿ ಯಾರದೂ ನೋಡಿ ಬರೀಲಿಲ್ಲಂತ್ರಿ” ಅಂದರು. 31ರ ಬಗ್ಗೆ ಕೇಳಲೇ ಇಲ್ಲ. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಅಂಥ ಸತ್ಕಾರ ಬೇರೆ ಆಗಿಲ್ಲ.

ಅದೇ ವರ್ಷ ಬಾಗಲಕೋಟೆ ಜಿಲ್ಲೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಹುಡುಗಿ, ರೈತನ ಮಗಳು, ಕ್ಯಾಮೆರಾ ಎದುರೇ ಬರೆದು 625ಕ್ಕೆ 625 ತೆಗೆದು ರಾಜ್ಯಕ್ಕೇ ಮೊದಲಿಗಳಾದಳು. ನಾವೆಲ್ಲ ಕುಣಿದಾಡಿದೆವು. ಆಕೆಗೆ ಆರು ವಿಷಯ ಕಲಿಸಿದ ಶಿಕ್ಷಕರು ಎಲ್ಲೋ ಒಂದು ಕಾಲೇಜಿನಲ್ಲಿ ಬಿ.ಇಡಿ. ಕಲಿತಿರಲೇಬೇಕಲ್ಲ. ‘ಆ ಮಗುವಿಗೆ ಗಣಿತ ಹೇಳಿಕೊಟ್ಟವರು ನಮ್ಮ ಹಳೆಯ ವಿದ್ಯಾರ್ಥಿ’ ಅಂತ ಯಾವುದಾದರೂ ಶಿಕ್ಷಣ ಕಾಲೇಜು ಹೇಳಿಕೊಂಡಿದ್ದನ್ನು ನಾನು ಎಲ್ಲೂ ಓದಲಿಲ್ಲ. ಓದಿದವರಿದ್ದರೆ ತಿಳಿಸಿ, ಈ ಪತ್ರ ವಾಪಸ್ ತಗೊಳ್ಳುತ್ತೇನೆ.

ನಮ್ಮ ಭಾಗದಲ್ಲಿ ಮೇಷ್ಟ್ರುಗಿರಿ ಯಾವತ್ತೂ ಸಣ್ಣ ಹುದ್ದೆ ಆಗಿರಲಿಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಕಟ್ಟಿದ್ದು ಯಾವ ಸಾಹುಕಾರನೂ ಅಲ್ಲ, ಏಳು ಜನ ತರುಣ ಶಿಕ್ಷಕರು. ಇವತ್ತಿಗೂ ಅವರನ್ನು ಸಪ್ತರ್ಷಿಗಳು ಅಂತಾರೆ. ನಮ್ಮ ಚಡಚಣದ ಸಿಂಪಿ ಲಿಂಗಣ್ಣನವರು ಶಾಲಾ ಮಾಸ್ತರರು. ಹಲಸಂಗಿ ಗೆಳೆಯರ ಜೊತೆ ಸೇರಿ ಹೆಣ್ಣುಮಕ್ಕಳು ಬೀಸುವಾಗ ಹಾಡುತ್ತಿದ್ದ ಹಾಡುಗಳನ್ನು ಬರೆದಿಟ್ಟುಕೊಂಡರು, ಇಲ್ಲದಿದ್ದರೆ ಆ ಹಾಡು ಬೀಸುವ ಕಲ್ಲಿನ ಜೊತೆಗೇ ಹೋಗುತ್ತಿದ್ದವು. ಅವರು ಇವತ್ತು ಆ ಫಾರ್ಮ್ ತುಂಬಿದ್ದರೆ ‘ಉನ್ನತ ಹುದ್ದೆ’ ಪಟ್ಟಿಗೆ ಸೇರುತ್ತಿದ್ದರಾ?

ನಿಮ್ಮ ಪತ್ರಿಕೆಗೂ ಒಂದು ಮಾತು ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. ಕಾಲೇಜಿನವರು ಕಳಿಸಿದ್ದನ್ನು ಹಾಗೇ ಹಾಕುವ ಬದಲು ವರದಿಗಾರರು ಒಮ್ಮೆ ಇಂಟರ್ನ್‌ಶಿಪ್ ನಡೆಯುವ ಶಾಲೆಗೆ ಹೋಗಿ ಒಂದು ಪಿರಿಯಡ್ ಕೂರಲಿ. ಚಹಾ ನಾವು ಕೊಡುತ್ತೇವೆ.

ಈಗ ಕೆಲಸದ ಮಾತು, ಇದು ಕಾಲೇಜಿಗೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತಲ್ಲ. ಒಂದರಿಂದ ಎಂಟನೇ ತರಗತಿವರೆಗೆ ಕಲಿಸುವ ಶಿಕ್ಷಕರಲ್ಲಿ ನಿವೃತ್ತಿಗೆ ಐದು ವರ್ಷಕ್ಕಿಂತ ಜಾಸ್ತಿ ಇರುವವರು ಎರಡು ವರ್ಷದೊಳಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸಾಗಬೇಕು. ನನಗೆ ಇದು ತಾಗುವುದಿಲ್ಲ, ನಾನು ಹೈಸ್ಕೂಲು. ಆದರೆ ನಮ್ಮ ಬ್ಯಾಚಿನಲ್ಲಿ ಡಿ.ಇಡಿ. ಮುಗಿಸಿ ಪ್ರೈಮರಿ ಶಾಲೆಗೆ ಸೇರಿ, ಆಮೇಲೆ ಇಲಾಖೆಯಿಂದ ಡೆಪ್ಯುಟೇಶನ್ ಮೇಲೆ ಬಿ.ಇಡಿ.ಗೆ ಬಂದಿದ್ದ ಅಕ್ಕಂದಿರು, ಅಣ್ಣಂದಿರು ಇದ್ದಾರೆ. ಟಿಇಟಿ ಬರುವ ಮೊದಲೇ ನೌಕರಿಗೆ ಸೇರಿದವರು. ಇಪ್ಪತ್ತು ವರ್ಷ ಪಾಠ ಮಾಡಿದ ಮೇಲೆ ಈಗ 150 ಪ್ರಶ್ನೆಗೆ ಉತ್ತರ ಗುರುತು ಮಾಡಿ 90 ತೆಗೆಯಬೇಕು. ಒಬ್ಬ ಅಕ್ಕ ರಾತ್ರಿ ಫೋನ್ ಮಾಡಿ ಅತ್ತಳು. ಮಗಳು ನೀಟ್‌ಗೆ ಓದುತ್ತಾಳೆ, ತಾಯಿ ಟಿಇಟಿಗೆ, ಒಂದೇ ಟೇಬಲ್ಲು. “ಮನೋವಿಜ್ಞಾನದಾಗ ಓದಿದ್ದ ಪಿಯಾಜೆ, ವೈಗೋಟ್ಸ್ಕಿ ಎಲ್ಲಾ ಮರ್ತೀನವಾ, ಹುಡುಗ್ರಿಗೆ ಅಕ್ಷರ ಕಲಿಸೂದು ಅಷ್ಟ ಗೊತ್ತೈತಿ” ಅಂದಳು. ಕೋಚಿಂಗ್ ಸೆಂಟರಿನವರು ಆಗಲೇ ಶುರು ಹಚ್ಚಿಕೊಂಡಿದ್ದಾರೆ, ಫೀ ಕೇಳಿದರೆ ತಲೆ ತಿರುಗುತ್ತದೆ.

ಇವರೂ ಕಾಲೇಜಿನ ಹಳೆಯ ವಿದ್ಯಾರ್ಥಿಗಳೇ. ಕಾಲೇಜಿನಲ್ಲಿ ಮಕ್ಕಳ ಮನೋವಿಜ್ಞಾನ ಕಲಿಸುವವರಿದ್ದಾರೆ, ಹೊಸದಾಗಿ ಡಾಕ್ಟರೇಟ್ ಪಡೆದ ಇಬ್ಬರು ಇದ್ದಾರೆ, ಭಾನುವಾರ ಕೋಣೆಗಳೆಲ್ಲ ಖಾಲಿ. ಪರೀಕ್ಷೆ ಮುಗಿಯುವವರೆಗೆ ಭಾನುವಾರ ಬೆಳಗ್ಗೆ ಮೂರು ತಾಸು ಅವರಿಗೆ ಕ್ಲಾಸ್ ನಡೆಸಿ. ಮನೋವಿಜ್ಞಾನಕ್ಕೆ ಒಬ್ಬರು ಬಂದರೂ ಸಾಕು. ಗಣಿತ ನಾನು ತೆಗೆದುಕೊಳ್ಳುತ್ತೇನೆ, ದುಡ್ಡು ಬೇಡ. ಕಿರಾಣಿ ಅಂಗಡಿಯ ಗೆಳತಿಯನ್ನೂ ಕೇಳಿದ್ದೇನೆ, ಇಂಗ್ಲಿಷ್‌ಗೆ ಅವಳು ತಯಾರು, ಅಂಗಡಿಗೆ ಆ ಹೊತ್ತು ಗಂಡ ಕೂರುತ್ತಾನಂತೆ. ಇಂಡಿ, ಚಡಚಣದ ಕಡೆಯಿಂದ ಬೆಳಗಿನ ಬಸ್ಸಿಗೆ ಏಳೆಂಟು ಜನ ಬರುವವರಿದ್ದಾರೆ, ಸಿಂದಗಿಯಿಂದ ಎಷ್ಟು ಅಂತ ಇನ್ನೂ ಕೇಳಬೇಕು. ನನ್ನ ಮೊಬೈಲ್ ನಂಬರ್ ಕಾಲೇಜಿನವರ ಹತ್ತಿರ ಇದೆ, ಫಾರ್ಮಿನಲ್ಲಿ ತುಂಬಿದ್ದೇನೆ. ಒಂದು ಕೋಣೆ, ಒಂದು ಹಲಗೆ, ವಾಚ್‌ಮನ್ ಹತ್ತಿರ ಕೀಲಿ ಇಷ್ಟು ವ್ಯವಸ್ಥೆ ಮಾಡಿ ಫೋನ್ ಮಾಡಿದರೆ ಮುಂದಿನ ಭಾನುವಾರವೇ ಬರುತ್ತೇವೆ.

– ಒಬ್ಬ ಪ್ರೌಢಶಾಲಾ ಗಣಿತ ಶಿಕ್ಷಕಿ,
ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ